ಬೆಟ್ಟ ಹತ್ತಲಾಗದವರ ಕಾಯೋತ್ಸರ್ಗ

ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ಸುಮಾರು 58 ಅಡಿ ಎತ್ತರದ ಗೊಮ್ಮಟೇಶ್ವರ ಸ್ವಾಮಿ ಸಾವಿರ ವರ್ಷಗಳಿಗೂ ಮಿಗಿಲಾಗಿ ಕಾಯೋತ್ಸರ್ಗದಲ್ಲಿ ನಿಂತಿದ್ದಾನೆ. ಕಾಲಿನ ಬಳಿ ಹುತ್ತ ಬೆಳೆದಿದೆ, ಹಾವುಗಳು ತಲೆಯೆತ್ತಿವೆ, ತೊಡೆ ತೋಳುಗಳಿಗೆ ಬಳ್ಳಿ ಹಬ್ಬಿದೆ. ಮುಖದಲ್ಲಿ ಮಾತ್ರ ಕದಲದ ಶಾಂತಿ. ಆ ದರ್ಶನಕ್ಕೆ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಏರಬೇಕು. ಯಾತ್ರಿಕರಲ್ಲಿ ಕೆಲವರು ಬೆಟ್ಟದ ಬುಡದಲ್ಲೇ ಉಳಿದುಬಿಡುತ್ತಾರೆ. ಮೊಣಕಾಲು ಮಡಿಸಲಾಗದವರು, ಬೆನ್ನುನೋವಿನಿಂದ ಬಳಲುವವರು, ನಾಲ್ಕು ಹೆಜ್ಜೆಗೇ ದಣಿದು ಕೂರುವವರು. ಡೋಲಿಯಲ್ಲಿ ಕುಳಿತು ಮೇಲೆ ಹೋಗುವವರೂ ಉಂಟು. ಕೈಮುಗಿದು ನಿಂತಾಗ ಇಂಥವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಒಂದು ವರ್ಷ ಅಲುಗದೆ ನಿಂತ ಬಾಹುಬಲಿಯನ್ನು ಆರಾಧಿಸುವ ಧರ್ಮದಲ್ಲಿ, ಅರ್ಧ ಗಂಟೆಯೂ ನೆಟ್ಟಗೆ ಕೂರಲಾಗದವರಿಗೆ ಧ್ಯಾನದ ಪಾಲು ಇದೆಯೇ?

ಈ ಪ್ರಶ್ನೆ ಮನೆ ಮನೆಗಳಲ್ಲೂ ಇದೆ. ಸಂಧಿವಾತದಿಂದ ನೆಲದ ಮೇಲೆ ಕೂರಲಾಗದ ಅಜ್ಜಿ ಸಾಮಾಯಿಕದ ಚಾಪೆಯನ್ನು ಸುತ್ತಿ ಮೂಲೆಗಿಟ್ಟಿರುತ್ತಾರೆ. ಜ್ವರ ಬಿಟ್ಟು ತಿಂಗಳುಗಳಾದರೂ ದಣಿವು ಬಿಡದ ತರುಣ, ಮೊದಲಿನಂತೆ ಬೆಳಿಗ್ಗೆ ಎದ್ದು ಜಪ ಮಾಡಲಾಗದೆ ತನ್ನನ್ನು ಸೋಮಾರಿಯೆಂದು ಹಳಿದುಕೊಳ್ಳುತ್ತಾನೆ. ಮೈಯೆಲ್ಲ ನೋಯುವ ಕಾಯಿಲೆಯ ಗೃಹಿಣಿಗೆ ದಶಲಕ್ಷಣ ಪರ್ವದಲ್ಲಿ ಉಪವಾಸವೂ ಆಗಲಿಲ್ಲ, ಧ್ಯಾನವೂ ಆಗಲಿಲ್ಲ ಎಂಬ ಕೊರಗು. ಮೂರು ತಿಂಗಳನ್ನು ಮೀರಿ ಉಳಿಯುವ ನೋವನ್ನು ವೈದ್ಯರು ದೀರ್ಘಕಾಲದ ನೋವು ಎಂದು ಕರೆಯುತ್ತಾರೆ. ಅಂಥ ನೋವು ಮೊದಲು ದೇಹದ ಶಕ್ತಿಯನ್ನು ಕಸಿಯುತ್ತದೆ; ಬಳಿಕ, ಧರ್ಮದಿಂದಲೂ ತಾನು ದೂರವಾದೆನೆಂಬ ಭಾವನೆಯನ್ನು ತರುತ್ತದೆ. ಮೊದಲನೆಯ ನಷ್ಟ ಮನುಷ್ಯನ ಕೈಯಲ್ಲಿಲ್ಲದಿರಬಹುದು. ಎರಡನೆಯದಕ್ಕೆ ಆಧಾರವೇ ಇಲ್ಲವೆಂಬುದನ್ನು ಜೈನಾಚಾರ್ಯರ ಗ್ರಂಥಗಳು ಸ್ಪಷ್ಟವಾಗಿ ತಿಳಿಸುತ್ತವೆ.

ನಿಂತವರು ಯಾರು, ಕುಳಿತವರು ಯಾರು?

ಸಾಮಾಯಿಕ, ಚತುರ್ವಿಂಶತಿಸ್ತವ, ವಂದನೆ, ಪ್ರತಿಕ್ರಮಣ, ಪ್ರತ್ಯಾಖ್ಯಾನ ಮತ್ತು ಕಾಯೋತ್ಸರ್ಗ ಎಂಬ ಆರು ಆವಶ್ಯಕಗಳಲ್ಲಿ ಕೊನೆಯದರ ಹೆಸರೇ ಅದರ ಅರ್ಥವನ್ನು ಹೇಳುತ್ತದೆ. ಕಾಯದ ಉತ್ಸರ್ಗವೆಂದರೆ ದೇಹದ ಮೇಲಿನ ಮಮಕಾರವನ್ನು ಕೆಲಕಾಲ ಬಿಡುವುದು. ದೇಹವನ್ನು ದಂಡಿಸುವುದು ಆ ಪದದ ಅರ್ಥವಲ್ಲ.

ವಟ್ಟಕೇರಾಚಾರ್ಯರ ಮೂಲಾಚಾರವು ಕಾಯೋತ್ಸರ್ಗದಲ್ಲಿ ನಾಲ್ಕು ಬಗೆಗಳನ್ನು ಹೇಳುತ್ತದೆ. ದೇಹವೂ ನಿಂತಿದೆ, ಮನಸ್ಸೂ ಶುಭಧ್ಯಾನದಲ್ಲಿ ಎದ್ದು ನಿಂತಿದೆ, ಇದು ಮೊದಲನೆಯದು. ದೇಹ ನಿಂತಿದೆ, ಮನಸ್ಸು ಮಾತ್ರ ಆರ್ತರೌದ್ರಗಳಲ್ಲಿ ಕುಸಿದು ಕುಳಿತಿದೆ, ಇದು ಎರಡನೆಯದು. ದೇಹ ಕುಳಿತಿದೆ, ಮನಸ್ಸು ಧರ್ಮಧ್ಯಾನದಲ್ಲಿ ಎದ್ದು ನಿಂತಿದೆ, ಇದು ಮೂರನೆಯದು. ದೇಹವೂ ಕುಳಿತಿದೆ, ಮನಸ್ಸೂ ಕುಳಿತಿದೆ, ಇದು ನಾಲ್ಕನೆಯದು. ಈ ವಿಭಾಗದಲ್ಲಿ ಎದ್ದು ನಿಲ್ಲುವುದೆಂಬ ಮಾತಿನ ನಿಜವಾದ ಅರ್ಥವನ್ನು ತೀರ್ಮಾನಿಸುವುದು ಮನಸ್ಸಿನ ಸ್ಥಿತಿ. ಕುರ್ಚಿಯಲ್ಲಿ ಒರಗಿ ಕುಳಿತ ರೋಗಿಯ ಚಿತ್ತ ಪಂಚಪರಮೇಷ್ಠಿಗಳಲ್ಲಿ ನೆಲೆಸಿದ್ದರೆ ಆ ರೋಗಿ ಮೂರನೆಯ ಬಗೆಗೆ ಸೇರುತ್ತಾರೆ. ಬಿಸಿಲಲ್ಲಿ ಗಂಟೆಗಟ್ಟಲೆ ನಿಂತು ಒಳಗೊಳಗೇ ಕುದಿಯುವವನು ಎರಡನೆಯ ಬಗೆಗೆ ಸೇರುತ್ತಾನೆ.

ಬಾಹುಬಲಿಯ ಕಥೆಯೂ ಇದನ್ನೇ ಸಾರುತ್ತದೆ. ಒಂದು ವರ್ಷದ ನಿಲುವಿನಲ್ಲಿ ದೇಹ ಮಾಡಬೇಕಾದುದೆಲ್ಲವನ್ನೂ ಮಾಡಿತ್ತು. ಆದರೂ ಕೇವಲಜ್ಞಾನ ಉದಯಿಸಲಿಲ್ಲ. ಅಣ್ಣ ಭರತನನ್ನು ಕುರಿತ ಒಂದು ಸಣ್ಣ ಅಳುಕು ಒಳಗೆ ಮುಳ್ಳಿನಂತೆ ಉಳಿದಿತ್ತು. ಭರತ ಬಂದು ವಂದಿಸಿ ಆ ಅಳುಕು ಕರಗಿದಾಗಲೇ ಜ್ಞಾನ ಬೆಳಗಿತು ಎನ್ನುತ್ತದೆ ಪರಂಪರೆ. ಹುತ್ತ ಬೆಳೆಯುವಷ್ಟು ಕಾಲ ನಿಂತರೂ ಸಾಲದೆ ಹೋದದ್ದು ಒಳಗಿನ ಒಂದು ಎಳೆಯ ಬಿಡುಗಡೆಯಿಂದ ಕೂಡಿಬಂದಿತು. ಬೆಟ್ಟದ ಬುಡದಲ್ಲಿ ಉಳಿದವರು ನೆನಪಿಡಬೇಕಾದ ಮಾತಿದು.

ವೇದನೆ ಬೇರೆ, ಆರ್ತಧ್ಯಾನ ಬೇರೆ

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ಧ್ಯಾನವನ್ನು ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಆರ್ತಧ್ಯಾನದಲ್ಲಿ ಮತ್ತೆ ನಾಲ್ಕು ಬಗೆ. ಬೇಡದ್ದು ಬಂದು ಸೇರಿದಾಗಿನ ಕೊರಗು, ಬೇಕಾದದ್ದು ಅಗಲಿದಾಗಿನ ಕೊರಗು, ವೇದನೆಯಿಂದ ಹುಟ್ಟುವ ಕೊರಗು, ಮುಂದಿನ ಭೋಗಗಳ ಹಂಬಲವಾದ ನಿದಾನ. ಧ್ಯಾನವೆಂಬ ಪದವನ್ನು ಆಚಾರ್ಯರು ಇಲ್ಲಿಯೂ ಬಳಸಿರುವುದು ಗಮನಾರ್ಹ. ನೋವಿನಲ್ಲಿರುವವರಿಗೆ ಏಕಾಗ್ರತೆ ಇಲ್ಲವೆಂದಲ್ಲ. ಅವರ ಚಿತ್ತ ನೋವಿನ ಮೇಲೆಯೇ ಅತಿಯಾಗಿ ಏಕಾಗ್ರವಾಗಿದೆ. ಧ್ಯಾನವನ್ನು ಆರಂಭಿಸುವುದೆಂದರೆ ಆ ಏಕಾಗ್ರತೆಯ ಮುಖವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುವುದು.

ರಾತ್ರಿ ಎರಡು ಗಂಟೆಗೆ ಬೆನ್ನುನೋವಿನಿಂದ ಎಚ್ಚರವಾಯಿತು ಎಂದಿಟ್ಟುಕೊಳ್ಳೋಣ. ಆ ನೋವು ಅಸಾತಾವೇದನೀಯ ಕರ್ಮದ ಉದಯ, ಅದು ಬಂದಾಗಿದೆ. ಅದರ ಬೆನ್ನಿಗೇ ವಿಚಾರಗಳ ಸಾಲು ಏಳುತ್ತದೆ. ಇದು ಯಾವಾಗ ಹೋದೀತು? ನನಗೇ ಏಕೆ ಬಂತು? ನಾಳೆ ಕೆಲಸಕ್ಕೆ ಹೋಗದಿದ್ದರೆ ಗತಿಯೇನು? ಮನೆಯವರಿಗೆ ಎಷ್ಟು ದಿನ ಭಾರವಾಗಿರಲಿ? ಹೀಗೆ ಚಿತ್ತ ಮತ್ತೆ ಮತ್ತೆ ಅಲ್ಲಿಗೇ ಮರಳುವುದನ್ನೇ ಸೂತ್ರವು ಆರ್ತಧ್ಯಾನವೆನ್ನುತ್ತದೆ. ಬೆನ್ನಿನ ನೋವು ಹಳೆಯ ಕರ್ಮದ ಫಲವಾಗಿ ಉದಯಕ್ಕೆ ಬಂದು ಕಳೆದುಹೋಗುತ್ತದೆ; ಅದರ ಸುತ್ತ ಹೆಣೆಯುವ ಕೊರಗು ಹೊಸ ಬಂಧಕ್ಕೆ ದಾರಿಯಾಗುತ್ತದೆ. ಸಾಧನೆಗೆ ಅವಕಾಶವಿರುವುದು ಈ ಎರಡರ ನಡುವಿನ ಕಿರಿದಾದ ಜಾಗದಲ್ಲಿ.

ಇದನ್ನು ಕೇಳಿ ತನಗೆ ಕೊರಗು ಬಂದದ್ದೇ ಪಾಪವೆಂದು ಇನ್ನೊಂದು ಕೊರಗನ್ನು ಸೇರಿಸಿಕೊಳ್ಳಬೇಕಿಲ್ಲ. ಆರ್ತಧ್ಯಾನವು ಅವ್ರತಿಗಳಲ್ಲಿ, ದೇಶವ್ರತಿಗಳಲ್ಲಿ ಮಾತ್ರವಲ್ಲ, ಆರನೆಯ ಗುಣಸ್ಥಾನದ ಮುನಿಗಳಲ್ಲಿಯೂ ಸಂಭವಿಸಬಹುದೆಂದು ತತ್ತ್ವಾರ್ಥಸೂತ್ರವೇ ಹೇಳುತ್ತದೆ. ಮುನಿಗಳಿಗೆ ನಿದಾನವೊಂದು ಇಲ್ಲವೆಂದು ವ್ಯಾಖ್ಯಾನಕಾರರು ಸೇರಿಸುತ್ತಾರೆ. ಮಹಾವ್ರತಿಗಳಿಗೂ ಬರಬಹುದಾದದ್ದು ಗೃಹಸ್ಥನಿಗೆ ಬಂದರೆ ಅಚ್ಚರಿಯಿಲ್ಲ. ಕೊರಗು ಬಂದಿತೆಂದು ತಿಳಿದ ಕ್ಷಣವೇ ಅದರಿಂದ ಒಂದು ಹೆಜ್ಜೆ ಹಿಂದೆ ಸರಿದ ಕ್ಷಣ.

ಮನಸ್ಸು ನಿಲ್ಲುವ ಭಂಗಿಯೇ ಆಸನ

ಧ್ಯಾನವೆಂದರೆ ಪದ್ಮಾಸನ ಎಂಬ ಕಲ್ಪನೆ ಬಸದಿಗಳ ಬಿಂಬಗಳನ್ನು ನೋಡಿ ಬೇರೂರಿದೆ. ರಾಷ್ಟ್ರಕೂಟ ದೊರೆ ಅಮೋಘವರ್ಷನ ಗುರುಗಳಾಗಿದ್ದ ಜಿನಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಆದಿಪುರಾಣದ ಇಪ್ಪತ್ತೊಂದನೆಯ ಪರ್ವದಲ್ಲಿ ಧ್ಯಾನದ ವಿಸ್ತಾರವಾದ ನಿರೂಪಣೆಯಿದೆ. ಕಷ್ಟದ ಆಸನದಿಂದ ದೇಹಕ್ಕೆ ಪೀಡೆಯಾಗುತ್ತದೆ, ದೇಹದ ಪೀಡೆಯಿಂದ ಮನಸ್ಸು ಕದಡುತ್ತದೆ, ಮನಸ್ಸು ಕದಡಿದರೆ ಧ್ಯಾನವೆಲ್ಲಿಯದು ಎಂಬುದು ಅವರ ತರ್ಕ. ಆದ್ದರಿಂದ ಸುಖವಾದ ಆಸನವನ್ನೇ ಅವರು ವಿಧಿಸುತ್ತಾರೆ. ದೇಹದ ಯಾವ ಸ್ಥಿತಿಯು ಧ್ಯಾನಕ್ಕೆ ಅಡ್ಡಿಯಾಗದೋ ಆ ಸ್ಥಿತಿಯಲ್ಲಿ, ನಿಂತಾಗಲಿ ಕುಳಿತಾಗಲಿ ಮಲಗಿಯಾಗಲಿ ಧ್ಯಾನಿಸಬಹುದೆಂಬ ಅನುಮತಿಯೂ ಅಲ್ಲಿದೆ. ಈ ಅನುಮತಿ ಮುನಿಗಳಿಗೇ ಇರುವಾಗ ರೋಗಪೀಡಿತ ಶ್ರಾವಕ ಶ್ರಾವಿಕೆಯರು ಸಂಕೋಚಪಡಲು ಕಾರಣವಿಲ್ಲ.

ಜ್ಞಾನಾರ್ಣವವನ್ನು ಬರೆದ ಶುಭಚಂದ್ರಾಚಾರ್ಯರೂ ಯೋಗಶಾಸ್ತ್ರವನ್ನು ಬರೆದ ಶ್ವೇತಾಂಬರ ಆಚಾರ್ಯ ಹೇಮಚಂದ್ರರೂ ಈ ವಿಷಯದಲ್ಲಿ ಒಂದೇ ಮಾತನ್ನಾಡುತ್ತಾರೆ. ಅನೇಕ ಆಸನಗಳನ್ನು ಹೆಸರಿಸಿದ ಮೇಲೆ, ಯಾವುದರಿಂದ ಮನಸ್ಸು ಸ್ಥಿರವಾಗುವುದೋ ಅದೇ ಧ್ಯಾನಕ್ಕೆ ತಕ್ಕ ಆಸನ ಎಂಬ ತೀರ್ಮಾನಕ್ಕೆ ಇಬ್ಬರೂ ಬರುತ್ತಾರೆ.

ತತ್ತ್ವಾರ್ಥಸೂತ್ರವು ಧ್ಯಾನವನ್ನು ಲಕ್ಷಣೀಕರಿಸುವಾಗ ಉತ್ತಮ ಸಂಹನನವುಳ್ಳವರನ್ನು ಹೆಸರಿಸುತ್ತದೆ. ಸಂಹನನವೆಂದರೆ ಎಲುಬು ಕೀಲುಗಳ ಬಂಧ. ಅಂಥ ವಜ್ರಸಮಾನ ದೇಹ ಈ ಪಂಚಮಕಾಲದಲ್ಲಿ ಯಾರಿಗೂ ಇಲ್ಲವೆಂಬುದು ಪರಂಪರೆಯ ನಂಬಿಕೆ. ಹಾಗಿದ್ದರೂ ಈ ಕಾಲದಲ್ಲಿ ಧರ್ಮಧ್ಯಾನ ಸಾಧ್ಯವೆಂದು ಕುಂದಕುಂದಾಚಾರ್ಯರು ಮೋಕ್ಷಪಾಹುಡದಲ್ಲಿ ದೃಢವಾಗಿ ಹೇಳಿದ್ದಾರೆ. ಅಂದಮೇಲೆ ಇಂದಿನ ಎಲ್ಲ ಸಾಧಕರೂ ಕೊರತೆಯುಳ್ಳ ದೇಹದಿಂದಲೇ ಆರಂಭಿಸಬೇಕಾದವರು. ಕೀಲುನೋವಿನವರ ಕೊರತೆ ಕಣ್ಣಿಗೆ ಕಾಣುತ್ತದೆ, ಉಳಿದವರದು ಕಾಣುವುದಿಲ್ಲ, ಅಷ್ಟೇ.

ಎರಡು ಘಳಿಗೆಯಿಂದ ಇಪ್ಪತ್ತೇಳು ಉಸಿರಿಗೆ

ಸಾಮಾಯಿಕದ ರೂಢಿಯ ಅವಧಿ ಎರಡು ಘಳಿಗೆ, ಅಂದರೆ 48 ನಿಮಿಷ. ಆರೋಗ್ಯವಂತರಿಗೂ ಮೊದಲಿಗೆ ಅದು ದೀರ್ಘವೇ. ಆದರೆ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಸಾಮಾಯಿಕದ ಕಾಲವನ್ನು ಹೇಳುವ ಬಗೆ ಬೇರೆ. ಕಟ್ಟಿದ ಕೂದಲಿನ ಗಂಟು, ಬಿಗಿಹಿಡಿದ ಮುಷ್ಟಿ, ಬಟ್ಟೆಗೆ ಹಾಕಿದ ಗಂಟು, ಹಾಕಿದ ಆಸನ, ನಿಂತ ನಿಲುವು, ಕುಳಿತ ಸ್ಥಿತಿ ಇವು ಇರುವಷ್ಟು ಹೊತ್ತೇ ಅಲ್ಲಿ ಸಮಯದ ಅಳತೆ. ಗಡಿಯಾರವಿಲ್ಲದ ಕಾಲದ ಈ ಅಳತೆಯಲ್ಲಿ ಒಂದು ಔದಾರ್ಯವಿದೆ. ಮುಷ್ಟಿ ಹಿಡಿದಿರುವಷ್ಟು ಹೊತ್ತು ಪಾಪಕ್ರಿಯೆಗಳನ್ನು ತೊರೆದು ಸಮಭಾವದಲ್ಲಿರುತ್ತೇನೆ ಎಂಬ ಸಂಕಲ್ಪ ಯಾವ ರೋಗಿಗೂ ನಿಲುಕದ್ದಲ್ಲ.

ಇದಕ್ಕಿಂತಲೂ ಸರಳವಾದ ಅಳತೆ ಕಾಯೋತ್ಸರ್ಗದಲ್ಲಿದೆ. ದಿಗಂಬರ ಪರಂಪರೆಯಲ್ಲಿ ಒಂದು ಣಮೋಕಾರ ಮಂತ್ರವನ್ನು ಮೂರು ಉಸಿರಿನಲ್ಲಿ ಸ್ಮರಿಸುವುದು ವಾಡಿಕೆ. ಮೊದಲ ಉಸಿರನ್ನು ಒಳಗೆಳೆಯುವಾಗ ಅರಹಂತರು, ಬಿಡುವಾಗ ಸಿದ್ಧರು. ಎರಡನೆಯ ಉಸಿರಿನಲ್ಲಿ ಹಾಗೆಯೇ ಆಚಾರ್ಯರು ಮತ್ತು ಉಪಾಧ್ಯಾಯರು. ಮೂರನೆಯ ಉಸಿರು ಪೂರ್ತಿಯಾಗಿ ಲೋಕದ ಸಮಸ್ತ ಸಾಧುಗಳಿಗೆ. ಹೀಗೆ ಒಂಬತ್ತು ಸಲ ಸ್ಮರಿಸಿದರೆ 27 ಉಸಿರುಗಳ ಒಂದು ಕಾಯೋತ್ಸರ್ಗ. ಸಹಜವಾದ ಉಸಿರಾಟದಲ್ಲಿ ಇದಕ್ಕೆ ಎರಡು ಮೂರು ನಿಮಿಷ ಸಾಕು. ಮಂತ್ರ ಹೊಸದಲ್ಲ, ಉಸಿರು ಜೊತೆಯಲ್ಲೇ ಇದೆ, ಸ್ಥಳಕ್ಕಾಗಿ ಹುಡುಕಬೇಕಾಗಿಲ್ಲ.

ಅಲುಗಬಾರದೆಂಬ ನಿಯಮ ನೋವಿರುವವರನ್ನು ಹೆಚ್ಚು ಹೆದರಿಸುತ್ತದೆ. ಶ್ವೇತಾಂಬರ ಪರಂಪರೆಯ ಕಾಯೋತ್ಸರ್ಗ ಸೂತ್ರದಲ್ಲಿ ಪ್ರತಿಜ್ಞೆಯ ಜೊತೆಯಲ್ಲೇ ವಿನಾಯಿತಿಗಳ ಪಟ್ಟಿಯೂ ಇದೆ. ಉಸಿರಾಟ, ಕೆಮ್ಮು, ಸೀನು, ಆಕಳಿಕೆ, ತೇಗು, ತಲೆಸುತ್ತು, ಪಿತ್ತದಿಂದ ಬರುವ ಮೂರ್ಛೆ, ಅಂಗಗಳ ಸೂಕ್ಷ್ಮ ಚಲನೆ ಇವುಗಳಿಂದ ಕಾಯೋತ್ಸರ್ಗ ಭಂಗವಾಗದು. ದೇಹಕ್ಕೆ ದೇಹದ ಸ್ವಭಾವ ಇದ್ದೇ ಇರುತ್ತದೆಂದು ಬಲ್ಲವರು ರೂಪಿಸಿದ ನಿಯಮವಿದು.

ಆರಂಭದ ಕ್ರಮ

ಮೊದಲ ವಾರ ದಿನಕ್ಕೆ ಒಂದೇ ಕಾಯೋತ್ಸರ್ಗವನ್ನು ಇಟ್ಟುಕೊಳ್ಳುವುದು ಒಳ್ಳೆಯದು. ದಿನದಲ್ಲಿ ನೋವು ಕಡಿಮೆಯಿರುವ ಹೊತ್ತನ್ನು ಆರಿಸಿಕೊಳ್ಳಬೇಕು. ಕೆಲವರಿಗೆ ಬೆಳಿಗ್ಗೆ ಕೀಲುಗಳು ಬಿಗಿದಿರುತ್ತವೆ. ಅವರಿಗೆ ಬಿಸಿನೀರಿನ ಸ್ನಾನವಾದ ಮೇಲಿನ ಹೊತ್ತು ಅನುಕೂಲ. ಕುರ್ಚಿಯಲ್ಲಿ ಕೂರುವವರು ಪಾದಗಳನ್ನು ನೆಲಕ್ಕೆ ತಾಗಿಸಿ ಬೆನ್ನಿಗೆ ಆಸರೆ ಕೊಟ್ಟುಕೊಳ್ಳಬಹುದು. ಮಲಗುವವರು ಮೊಣಕಾಲುಗಳ ಕೆಳಗೆ ದಿಂಬನ್ನಿಟ್ಟುಕೊಂಡರೆ ಸೊಂಟದ ಬಿಗಿತ ಸಡಿಲವಾಗುತ್ತದೆ. ಬೆನ್ನ ಮೇಲೆ ಮಲಗಲಾಗದವರು ಮಗ್ಗುಲಾಗಿ ಮಲಗಬಹುದು. ಕಣ್ಣು ಮುಚ್ಚಿದರೆ ನೋವು ಹೆಚ್ಚಾದಂತೆ ಅನ್ನಿಸುವವರು ಕಣ್ಣನ್ನು ಅರೆತೆರೆದು ಜಿನಬಿಂಬದ ಚಿತ್ರದ ಮೇಲೋ ದೀಪದ ಮೇಲೋ ದೃಷ್ಟಿಯಿಡಬಹುದು.

ಆರಂಭಕ್ಕೆ ಮುನ್ನ ಮನಸ್ಸಿನಲ್ಲಿ ಸಂಕಲ್ಪವೊಂದಿರಲಿ. ಈ ಇಪ್ಪತ್ತೇಳು ಉಸಿರುಗಳ ಕಾಲ ಈ ದೇಹ ನನ್ನದೆಂಬ ಹಿಡಿತವನ್ನು ಸಡಿಲಿಸುತ್ತೇನೆ ಎಂದಷ್ಟೇ ಸಾಕು. ನೋವು ಹೋಗಲಿ ಎಂಬ ಷರತ್ತನ್ನು ಅದಕ್ಕೆ ಸೇರಿಸಬಾರದು. ಸೇರಿಸಿದರೆ ಪ್ರತಿ ಉಸಿರಿಗೂ ನೋವು ಹೋಯಿತೇ ಎಂದು ಪರೀಕ್ಷಿಸುವ ಕೆಲಸ ಶುರುವಾಗುತ್ತದೆ, ಮತ್ತು ಆ ಕೆಲಸವೇ ಆರ್ತಧ್ಯಾನ. ನಡುವೆ ಎಣಿಕೆ ತಪ್ಪಿದರೆ ತಪ್ಪಿದಲ್ಲಿಂದಲೇ ಮುಂದುವರಿಯಬೇಕು. ಭಂಗಿ ಬದಲಿಸಬೇಕಾದರೆ ಮೊದಲು ಹಾಗೆಂದು ತಿಳಿದು, ಒಂದು ಉಸಿರು ತಡೆದು, ಅವಸರವಿಲ್ಲದೆ ಬದಲಿಸಬೇಕು. ಎಚ್ಚರದಿಂದ ಕೈಕಾಲು ಆಡಿಸುವುದನ್ನು ಸಾಧುಗಳು ದಿನವಿಡೀ ಸಾಧಿಸುತ್ತಾರೆ. ಶ್ರಾವಕನಿಗೆ ಆ ಶಿಕ್ಷಣವನ್ನು ನೋವೇ ಕೊಡುತ್ತದೆ.

ಒಂದೆರಡು ವಾರಗಳ ಬಳಿಕ, ಶಕ್ತಿಯಿದ್ದರೆ, ದೇಹದ ಅವಲೋಕನವನ್ನು ಸೇರಿಸಿಕೊಳ್ಳಬಹುದು. ತೇರಾಪಂಥದ ಆಚಾರ್ಯ ಮಹಾಪ್ರಜ್ಞರು 1970ರ ದಶಕದಲ್ಲಿ ರೂಪಿಸಿದ ಪ್ರೇಕ್ಷಾಧ್ಯಾನದಲ್ಲಿ ಶ್ವಾಸಪ್ರೇಕ್ಷೆಯ ಜೊತೆಗೆ ಶರೀರಪ್ರೇಕ್ಷೆಗೂ ಸ್ಥಾನವಿದೆ. ರಾಗದ್ವೇಷಗಳಿಲ್ಲದೆ ದೇಹದ ಒಂದೊಂದು ಭಾಗವನ್ನೂ ಚಿತ್ತದಿಂದ ನೋಡುತ್ತ ಹೋಗುವುದು ಅದರ ಕ್ರಮ. ಅದೇ ದಶಕದ ಕೊನೆಯಲ್ಲಿ, 1979ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಕಬಾಟ್ ಜಿನ್ ಅವರು ಬೌದ್ಧ ಧ್ಯಾನದ ಆಧಾರದ ಮೇಲೆ ದೀರ್ಘಕಾಲದ ನೋವಿನ ರೋಗಿಗಳಿಗೆ ಧ್ಯಾನವನ್ನು ಕಲಿಸತೊಡಗಿದಾಗ, ಮಲಗಿಯೇ ಮಾಡುವ ಇಂಥದೊಂದು ಅವಲೋಕನ ಅದರ ಮುಖ್ಯ ಅಂಗವಾಗಿತ್ತು. ನೋವಿರುವವರು ಈ ಅವಲೋಕನವನ್ನು ನೋವಿಲ್ಲದ ಭಾಗದಿಂದ ಆರಂಭಿಸುವುದು ಲೇಸು. ಅಂಗೈ, ಕಿವಿಯ ಹಾಲೆ, ಮೂಗಿನ ತುದಿ, ಎಲ್ಲಿಯಾದರೂ ಒಂದು ಕಡೆ ಸುಮ್ಮನಿರುವ ಜಾಗ ಸಿಗುತ್ತದೆ. ಅಲ್ಲಿ ಕೆಲವು ಉಸಿರು ನಿಂತು, ನೋವಿನ ಅಂಚಿನವರೆಗೆ ಹೋಗಿ, ಮತ್ತೆ ಆ ಶಾಂತವಾದ ಜಾಗಕ್ಕೆ ಮರಳಬೇಕು. ನೋವಿನ ನಡುವೆಯೇ ಬಲವಂತವಾಗಿ ನಿಲ್ಲುವ ಅಗತ್ಯವಿಲ್ಲ.

ಹೀಗೆ ನೋಡುವಾಗ ಅನುಪ್ರೇಕ್ಷೆಗಳು ನೆರವಿಗೆ ಬರುತ್ತವೆ. ಒಂದೇ ಗಟ್ಟಿ ಬಂಡೆಯಂತೆ ತೋರುವ ನೋವು ಹತ್ತಿರದಿಂದ ನೋಡಿದಾಗ ಏರುತ್ತದೆ, ಇಳಿಯುತ್ತದೆ, ಜಾಗ ಬದಲಿಸುತ್ತದೆ. ಇದು ಅನಿತ್ಯಾನುಪ್ರೇಕ್ಷೆಗೆ ಪುಸ್ತಕವಿಲ್ಲದ ಪಾಠ. ನೋಯುವುದು ದೇಹ, ನೋವನ್ನು ಅರಿಯುವುದು ಚೇತನ ಎಂಬ ವಿವೇಕ ಅನ್ಯತ್ವಾನುಪ್ರೇಕ್ಷೆ. ಅದು ಒಂದೇ ದಿನಕ್ಕೆ ಅನುಭವಕ್ಕೆ ಬಾರದು. ಮಾತಿನಲ್ಲಿ ತಿಳಿದದ್ದು ಮೈಗೆ ಇಳಿಯಲು ಕಾಲ ಬೇಕು. ಮನಸ್ಸು ತೀರ ಕುಗ್ಗಿರುವ ದಿನ ಅಶರಣ, ಅಶುಚಿ ಮುಂತಾದ ಭಾವನೆಗಳ ಗೋಜಿಗೆ ಹೋಗದೆ ಮೈತ್ರೀಭಾವನೆಯನ್ನು ಹಿಡಿಯುವುದು ಹಿತ. ಇದೇ ಹೊತ್ತಿನಲ್ಲಿ ಇದೇ ನೋವಿನಿಂದ ಎಚ್ಚರವಾಗಿರುವ ಎಲ್ಲ ಜೀವಗಳಿಗೂ ಶಾಂತಿ ದೊರೆಯಲಿ ಎಂಬ ಒಂದು ಹಾರೈಕೆ ಒಂಟಿತನವನ್ನು ತಗ್ಗಿಸುತ್ತದೆ.

ದಣಿವು ಪ್ರಮಾದವಲ್ಲ

ನೋವಿಗಿಂತ ದಣಿವನ್ನು ವಿವರಿಸುವುದು ಕಷ್ಟ. ಹೊರಗೆ ಏನೂ ಕಾಣದು. ಮಲಗಿ ಎದ್ದರೂ ಹೋಗದು. ಧರ್ಮನಿಷ್ಠರು ತಮ್ಮ ದಣಿವನ್ನು ಪ್ರಮಾದವೆಂದು ಎಣಿಸಿ ನೊಂದುಕೊಳ್ಳುತ್ತಾರೆ. ಬಂಧದ ಐದು ಕಾರಣಗಳಲ್ಲಿ ಒಂದಾದ ಪ್ರಮಾದವನ್ನು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಒಳ್ಳೆಯ ಕಾರ್ಯಗಳಲ್ಲಿನ ಅನಾದರ ಎಂದು ಅರ್ಥೈಸಿದ್ದಾರೆ. ಸಾಮಾಯಿಕ ಮಾಡಬೇಕೆಂಬ ಹಂಬಲವಿದ್ದೂ ಏಳಲಾಗದೆ ಮಲಗಿರುವವರಲ್ಲಿ ಆದರ ಪೂರ್ತಿಯಾಗಿದೆ, ಶಕ್ತಿ ಇಲ್ಲ. ಶಕ್ತಿಯ ಕೊರತೆಗೆ ಪ್ರಮಾದವೆಂಬ ಹೆಸರು ಸಲ್ಲದು.

ತೀರ್ಥಂಕರ ನಾಮಕರ್ಮಕ್ಕೆ ಕಾರಣವಾಗುವ ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ ಮತ್ತು ತಪಸ್ಸುಗಳನ್ನು ಬರಿಯ ಹೆಸರಿನಿಂದ ಕರೆದಿಲ್ಲ; ಶಕ್ತಿತಸ್ತ್ಯಾಗ, ಶಕ್ತಿತಸ್ತಪ ಎಂದು ಕರೆದಿದೆ. ಶಕ್ತಿಯನ್ನು ಮುಚ್ಚಿಡದೆ, ಶಕ್ತಿಯನ್ನು ಮೀರದೆ ಎಂಬುದು ಅದರ ತಾತ್ಪರ್ಯ. ಪೂಜ್ಯಪಾದರ ಸಮಾಧಿತಂತ್ರವೂ ಇದನ್ನು ಬೇರೊಂದು ದಿಕ್ಕಿನಿಂದ ಹೇಳುತ್ತದೆ. ಸುಖದಲ್ಲಿ ಮಾತ್ರ ಬೆಳೆಸಿದ ಜ್ಞಾನ ದುಃಖ ಎದುರಾದಾಗ ನಿಲ್ಲದು. ಆದ್ದರಿಂದ ಬಲಕ್ಕೆ ತಕ್ಕಂತೆ ಕಷ್ಟದ ನಡುವೆ ಆತ್ಮಭಾವನೆಯನ್ನು ಮಾಡಬೇಕು ಎನ್ನುತ್ತಾರೆ. ಮುನಿಗಳು ತಾವಾಗಿ ಹುಡುಕಿಕೊಂಡು ಹೋಗುವ ಕಷ್ಟ ದೀರ್ಘರೋಗಿಯ ಮನೆಗೇ ಬಂದು ಕುಳಿತಿದೆ. ಅದರ ಮೇಲೆ ಇನ್ನಷ್ಟು ಕಷ್ಟವನ್ನು ಪೇರಿಸಿಕೊಳ್ಳುವುದು ಬೇಡ.

ಇಲ್ಲಿ ಒಂದು ಎಚ್ಚರ ಅಗತ್ಯ. ಸ್ವಲ್ಪ ಚೇತರಿಕೆ ಕಂಡ ದಿನ ಬಾಕಿ ಉಳಿದ ಮನೆಗೆಲಸ, ಬಸದಿಯ ಪೂಜೆ, ಒಂದು ಗಂಟೆಯ ಸಾಮಾಯಿಕ ಎಲ್ಲವನ್ನೂ ಒಮ್ಮೆಲೇ ಮುಗಿಸುವ ಆಸೆ ಹುಟ್ಟುತ್ತದೆ. ಅದರ ಫಲವಾಗಿ ಮುಂದಿನ ಮೂರು ದಿನ ಹಾಸಿಗೆ ಹಿಡಿಯಬೇಕಾಗುತ್ತದೆ. ಒಳ್ಳೆಯ ದಿನವೂ ಎರಡು ಕಾಯೋತ್ಸರ್ಗ, ಕೆಟ್ಟ ದಿನ ಒಂದು. ಅದೂ ಆಗದ ದಿನ ಮೂರು ಉಸಿರಿನ ಒಂದು ಣಮೋಕಾರ. ಹೀಗೆ ಏರಿಳಿತವನ್ನು ಚಿಕ್ಕದಾಗಿಟ್ಟರೆ ಅಭ್ಯಾಸ ಮುರಿಯುವುದಿಲ್ಲ. ಧ್ಯಾನದ ನಡುವೆ ನಿದ್ದೆ ಬಂದರೆ ದೇಹಕ್ಕೆ ನಿದ್ದೆ ಬೇಕಿತ್ತೆಂದು ತಿಳಿಯಬೇಕು. ವರ್ಷವಿಡೀ ಉಳಿಯುವ ಚಿಕ್ಕ ನಿಯಮ, ವಾರದಲ್ಲಿ ಮುರಿಯುವ ದೊಡ್ಡ ವ್ರತಕ್ಕಿಂತ ಹೆಚ್ಚು ಕಾಪಾಡುತ್ತದೆ.

ಔಷಧ ಧರ್ಮಕ್ಕೆ ಹೊರತಲ್ಲ

ಧ್ಯಾನ ಮಾಡುವವರು ಮಾತ್ರೆ ನುಂಗಬಹುದೇ ಎಂಬ ಸಂದೇಹ ಕೆಲವರಿಗಿದೆ. ಸನತ್ಕುಮಾರ ಚಕ್ರವರ್ತಿಯ ಕಥೆ ಕನ್ನಡಿಗರಿಗೆ ವಡ್ಡಾರಾಧನೆಯಿಂದಲೂ ಪರಿಚಿತ. ಮುನಿಯಾದ ಮೇಲೆ ಮೈತುಂಬ ರೋಗಗಳು ಬಂದಾಗ, ವೈದ್ಯರ ವೇಷದಲ್ಲಿ ಬಂದ ದೇವತೆಗಳ ಚಿಕಿತ್ಸೆಯನ್ನು ಅವನು ಬಯಸಲಿಲ್ಲ. ಅದು ಮಹಾಪುರುಷರ ಕಥೆ, ವಂದನೀಯ. ಅದನ್ನು ಅಡುಗೆಮನೆಯಲ್ಲಿ ನಿಂತು ದುಡಿಯಬೇಕಾದವರಿಗೆ ಅಳತೆಗೋಲಾಗಿ ಹಿಡಿಯುವುದು ತರವಲ್ಲ.

ಇನ್ನೊಂದು ಕಥೆಯನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು. ಸಮಂತಭದ್ರಾಚಾರ್ಯರಿಗೆ ಎಷ್ಟುಂಡರೂ ಹಸಿವು ಇಂಗದ ಭಸ್ಮಕವೆಂಬ ವ್ಯಾಧಿ ಬಂದಿತೆಂದು ಪರಂಪರೆ ಹೇಳುತ್ತದೆ. ಮುನಿಚರ್ಯೆಯಲ್ಲಿದ್ದುಕೊಂಡು ಅದನ್ನು ತಣಿಸುವಂತಿರಲಿಲ್ಲ. ಅವರು ಸಲ್ಲೇಖನಕ್ಕೆ ಗುರುಗಳ ಅಪ್ಪಣೆ ಬೇಡಿದರು. ದೇವಚಂದ್ರನ ರಾಜಾವಳೀ ಕಥೆಯ ಪ್ರಕಾರ ಗುರುಗಳು ಒಪ್ಪಲಿಲ್ಲ. ಅವರಿಂದ ಧರ್ಮಕ್ಕೆ ಆಗಬೇಕಾದ ಕಾರ್ಯ ಇನ್ನೂ ಉಳಿದಿದೆ, ಮೊದಲು ರೋಗವನ್ನು ಕಳೆದುಕೊಳ್ಳಬೇಕು, ಬಳಿಕ ಮತ್ತೆ ದೀಕ್ಷೆ ಪಡೆಯಬಹುದು ಎಂದರು. ಶಿಷ್ಯ ಹಾಗೆಯೇ ಮಾಡಿದ. ಗುಣವಾದ ಮೇಲೆ ಮರಳಿ ಮುನಿಯಾದ. ಶ್ರಾವಕರ ಕೈಪಿಡಿಯಾದ ರತ್ನಕರಂ‍ಡಕವನ್ನು ಬರೆದ ಆಚಾರ್ಯರ ಬಾಳಿನಲ್ಲಿಯೇ ಚಿಕಿತ್ಸೆಗಾಗಿ ವ್ರತವನ್ನು ಕೆಲಕಾಲ ಬದಿಗಿಟ್ಟ ಈ ಘಟನೆಯನ್ನು ಪರಂಪರೆ ಬಚ್ಚಿಡದೆ ಹೇಳಿಕೊಂಡು ಬಂದಿದೆ.

ಧ್ಯಾನಶತಕವೆಂಬ ಪ್ರಾಚೀನ ಪ್ರಾಕೃತ ಗ್ರಂಥವೂ ಈ ಸಂದೇಹಕ್ಕೆ ಉತ್ತರಿಸಿದೆ. ಇದು ತನ್ನ ಕರ್ಮದ ಪರಿಣಾಮವೆಂದು ತಿಳಿದು ಸಮಭಾವದಿಂದ ಸಹಿಸುವವರಿಗೂ, ಸಂಯಮವನ್ನು ಉಳಿಸಿಕೊಳ್ಳುವ ಒಳ್ಳೆಯ ಉದ್ದೇಶದಿಂದ ದೋಷ ಕಡಿಮೆಯಿರುವ ಚಿಕಿತ್ಸೆಯನ್ನು ಪಡೆಯುವವರಿಗೂ ಆರ್ತಧ್ಯಾನವಿಲ್ಲ, ಅದು ಧರ್ಮವೇ ಎಂಬುದು ಅದರ ನಿಲುವು. ಆಹಾರ, ಅಭಯ, ಶಾಸ್ತ್ರಗಳ ಜೊತೆಗೆ ಔಷಧವನ್ನೂ ಚತುರ್ವಿಧ ದಾನದಲ್ಲಿ ಎಣಿಸಿದ, ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕದಂಥ ವೈದ್ಯಗ್ರಂಥವನ್ನು ಕೊಟ್ಟ ಪರಂಪರೆಯಲ್ಲಿ ಔಷಧಕ್ಕೆ ನಾಚಬೇಕಿಲ್ಲ. ಧ್ಯಾನ ಆರಂಭಿಸಿದೆನೆಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುವುದು ಅಪಾಯಕರ. ಹೊಸದಾಗಿ ಕಾಣಿಸಿಕೊಂಡ ನೋವು, ಜೋಮು, ಜ್ವರ, ತೂಕದ ಇಳಿಕೆ ಇವುಗಳನ್ನು ಕರ್ಮವೆಂದು ಸಹಿಸುತ್ತ ಕೂರದೆ ವೈದ್ಯರಿಗೆ ತೋರಿಸಬೇಕು.

ದೀರ್ಘಕಾಲದ ನೋವು ಕೆಲವರನ್ನು ಬದುಕೇ ಬೇಡವೆಂಬ ಅಂಚಿಗೆ ತಳ್ಳುತ್ತದೆ. ಆ ಭಾವನೆಗೆ ಸಲ್ಲೇಖನದ ಹೆಸರಿಡುವುದು ದೊಡ್ಡ ತಪ್ಪು. ನೋವಿನಿಂದ ಬೇಗ ಸಾವು ಬರಲೆಂದು ಬಯಸುವ ಮರಣಾಶಂಸೆಯನ್ನು ತತ್ತ್ವಾರ್ಥಸೂತ್ರವು ಸಲ್ಲೇಖನದ ಐದು ಅತಿಚಾರಗಳಲ್ಲಿಯೇ ಸೇರಿಸಿದೆ. ಅಂಥ ಯೋಚನೆ ಬಂದಾಗ ಒಬ್ಬರೇ ಕುಳಿತು ಧ್ಯಾನಿಸುವುದಕ್ಕಿಂತ ಮನೆಯವರೊಡನೆ, ವೈದ್ಯರೊಡನೆ, ಹತ್ತಿರದ ತ್ಯಾಗಿಗಳೊಡನೆ ಕೂಡಲೇ ಬಾಯಿಬಿಟ್ಟು ಹೇಳುವುದು ಮೊದಲು ಆಗಬೇಕಾದ ಕೆಲಸ.

ಮನೆಯವರ ಪಾಲು

ರೋಗಿಯ ಧ್ಯಾನ ಅರ್ಧದಷ್ಟು ಮನೆಯವರ ಕೈಯಲ್ಲಿದೆ. ಎಲ್ಲವೂ ಹಿಂದಿನ ಕರ್ಮ ಎಂಬ ಮಾತನ್ನು ನೋವಿನಲ್ಲಿರುವವರ ಮುಂದೆ ಹಗುರವಾಗಿ ಆಡುವವರಿದ್ದಾರೆ. ಕರ್ಮಸಿದ್ಧಾಂತವು ತನ್ನನ್ನು ತಾನು ತಿದ್ದಿಕೊಳ್ಳಲು ಇರುವ ಬೆಳಕು. ಪರರ ಮೇಲೆ ತೀರ್ಪು ಕೊಡಲು ಅದನ್ನು ಬಳಸಿದರೆ ಆಡಿದವರೇ ಅಸಾತಾವೇದನೀಯದ ಆಸ್ರವಕ್ಕೆ ಬಾಗಿಲು ತೆರೆದಂತೆ. ಏಕೆಂದರೆ ಪರರಲ್ಲಿ ದುಃಖ, ಶೋಕ, ತಾಪಗಳನ್ನು ಉಂಟುಮಾಡುವುದೇ ಆ ಆಸ್ರವಕ್ಕೆ ಕಾರಣ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆಗೆ ಉದಾಹರಣೆಯಾಗಿ ಉದ್ದಾಯನ ರಾಜನ ಹೆಸರನ್ನು ಹೇಳುತ್ತಾರೆ. ಪರೀಕ್ಷೆಗೆಂದು ರೋಗಿಷ್ಠ ಮುನಿಯ ರೂಪದಲ್ಲಿ ಬಂದ ದೇವತೆ ಆಹಾರ ಸ್ವೀಕರಿಸಿ ರಾಜದಂಪತಿಗಳ ಮೇಲೆಯೇ ವಾಂತಿ ಮಾಡಿಕೊಂಡಿತು. ಉದ್ದಾಯನ ಹೇಸಲಿಲ್ಲ, ತಾನು ಕೊಟ್ಟ ಆಹಾರ ಒಗ್ಗಲಿಲ್ಲವೇನೋ ಎಂದು ತನ್ನನ್ನೇ ನಿಂದಿಸಿಕೊಂಡು ಮುನಿಯ ದೇಹವನ್ನು ತೊಳೆದ. ಅಂತರಂಗ ತಪಸ್ಸಿನಲ್ಲಿ ಧ್ಯಾನದ ಜೊತೆಗೇ ಎಣಿಸಲಾದ ವೈಯಾವೃತ್ತ್ಯಕ್ಕೆ ಪಾತ್ರರಾದ ಹತ್ತು ಮಂದಿಯಲ್ಲಿ ಗ್ಲಾನ, ಅಂದರೆ ರೋಗಿಯೂ ಒಬ್ಬ. ಅಮ್ಮನ ಮೊಣಕಾಲಿನ ಕೆಳಗೆ ದಿಂಬನ್ನಿಟ್ಟು, ಬಾಗಿಲು ಮುಂದೆ ಮಾಡಿ, ಹತ್ತು ನಿಮಿಷ ಯಾರೂ ಕರೆಯದಂತೆ ನೋಡಿಕೊಳ್ಳುವ ಮಗ ಅದೇ ತಪಸ್ಸಿನ ಒಂದು ಪಾಲನ್ನು ಮಾಡುತ್ತಿರುತ್ತಾನೆ.

ಧ್ಯಾನದಿಂದ ನೋವು ಹೋಗುವುದೇ ಎಂಬ ಪ್ರಶ್ನೆ ಕೊನೆಗೂ ಉಳಿಯುತ್ತದೆ. ಕೆಲವರಿಗೆ ಸ್ನಾಯುಗಳ ಬಿಗಿತ ಸಡಿಲವಾಗಿ ನೋವು ತಗ್ಗೀತು, ಕೆಲವರಿಗೆ ನಿದ್ದೆ ಸುಧಾರಿಸೀತು, ಕೆಲವರಿಗೆ ದೇಹದಲ್ಲಿ ಯಾವ ಬದಲಾವಣೆಯೂ ಕಾಣದಿರಬಹುದು. ಸಾಮಾಯಿಕ ಕೊಡುವುದು ಸಮತೆಯನ್ನು. ನೋವಿರುವ ಗಂಟೆಯೊಳಗೆ ನೋವಿನದಲ್ಲದ ಎರಡು ನಿಮಿಷಗಳು ಹುಟ್ಟಿದರೆ, ಮರುದಿನ ಮತ್ತೆ ಎರಡು ನಿಮಿಷಗಳು ಹುಟ್ಟಿದರೆ, ಆ ಬದುಕು ಪೂರ್ತಿಯಾಗಿ ರೋಗದ ವಶವಾಗಿಲ್ಲವೆಂದೇ ಅರ್ಥ.

ವಿಂಧ್ಯಗಿರಿಯ ಬುಡದಲ್ಲಿ ಉಳಿದವರು ಅಲ್ಲಿಯೇ ಒಂದು ಕಟ್ಟೆಯ ಮೇಲೆ ಕುಳಿತು, ಬೆನ್ನನ್ನು ಗೋಡೆಗೆ ಆನಿಸಿ, ಕಣ್ಣುಮುಚ್ಚಿ ಇಪ್ಪತ್ತೇಳು ಉಸಿರುಗಳನ್ನು ಎಣಿಸಬಹುದು. ಮೇಲೆ ಹೋದವರು ನೋಡಿ ಬರುವುದು ಕಾಯೋತ್ಸರ್ಗದಲ್ಲಿರುವ ಸ್ವಾಮಿಯನ್ನು. ಕೆಳಗೆ ಕುಳಿತವರು ಅದೇ ಕಾಯೋತ್ಸರ್ಗವನ್ನು, ತಮ್ಮ ಶಕ್ತಿಗೆ ತಕ್ಕಷ್ಟು, ಮಾಡಿರುತ್ತಾರೆ.